ಪೆಂಟ್ಲೆಂಡ್ ಜಲಸಂಧಿ: ಕಾಯಬಲ್ಲವನ ಕಡಲು

ಬ್ರಿಟನ್ನಿನ ಭೂಪಟವನ್ನು ಬಿಡಿಸಿ ಬೆರಳನ್ನು ಉತ್ತರಕ್ಕೆ ಒಯ್ದರೆ, ಸ್ಕಾಟ್ಲೆಂಡಿನ ಕೊನೆಯ ಅಂಚಿನಲ್ಲಿ ನೆಲವು ಥಟ್ಟನೆ ಕಡಿದುಹೋಗುತ್ತದೆ. ಅದರಾಚೆ ಬೆರಳಗಲದ ನೀರು. ನೀರಿನಾಚೆ ಚೆದರಿಬಿದ್ದ ಆರ್ಕ್ನಿ ದ್ವೀಪಗಳು. ಈ ಬೆರಳಗಲದ ನೀರಿಗೆ ಪೆಂಟ್ಲೆಂಡ್ ಜಲಸಂಧಿ ಎಂದು ಹೆಸರು. ಒಂದು ಕಾಲದಲ್ಲಿ ಆ ಸೀಮೆಯಲ್ಲಿ ನೆಲೆಸಿದ್ದ ಪಿಕ್ಟ್ ಜನರ ನಾಡಿನ ಕಡಲೆಂದು ನಾರ್ವೆಯ ಹಳೆಯ ನಾವಿಕರು ಇಟ್ಟ ಹೆಸರೇ ಕಾಲಕ್ರಮದಲ್ಲಿ ಸವೆದು ಹೀಗಾಗಿದೆ. ಅಗಲ ಸುಮಾರು ಹತ್ತು ಹನ್ನೆರಡು ಕಿಲೋಮೀಟರು, ಅಷ್ಟೆ. ಜಾನ್ ಓ ಗ್ರೋಟ್ಸ್ ಎಂಬ ಹಳ್ಳಿಯ ದಂಡೆಯಲ್ಲಿ ನಿಂತವರಿಗೆ, ಆಕಾಶ ತಿಳಿಯಾಗಿರುವ ದಿನ, ಎದುರಿನ ದ್ವೀಪಗಳ ಹಸಿರು ಹೊಲಗಳೂ ಬಿಳಿಯ ಮನೆಗಳೂ ಸ್ಪಷ್ಟವಾಗಿ ಕಾಣುತ್ತವೆ. ದೋಣಿಯೊಂದಿದ್ದರೆ ಊಟದ ಹೊತ್ತಿಗೆ ಹೋಗಿ ಸಂಜೆಗೆ ಹಿಂದಿರುಗಬಹುದು ಎನ್ನಿಸುತ್ತದೆ.

ಆದರೆ ಆ ದಂಡೆಯಲ್ಲಿ ಹುಟ್ಟಿ ಬೆಳೆದ ಯಾವ ನಾವಿಕನೂ ಹಾಗೆ ಅವಸರಪಡುವುದಿಲ್ಲ. ಅವನು ಮೊದಲು ಗಡಿಯಾರವನ್ನು ನೋಡುತ್ತಾನೆ. ಆಮೇಲೆ ಉಬ್ಬರವಿಳಿತಗಳ ಪಟ್ಟಿಯನ್ನು ನೋಡುತ್ತಾನೆ. ಅನಂತರ ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೆಂದು ನೋಡುತ್ತಾನೆ. ಮೂರೂ ಒಪ್ಪಿದರೆ ಹೊರಡುತ್ತಾನೆ. ಒಂದು ಒಪ್ಪದಿದ್ದರೂ ಕಾಯುತ್ತಾನೆ. ಈ ಶೀತಲ ತೀರದ ಚರಿತ್ರೆಯೆಲ್ಲ ಕಾಯಬಲ್ಲವರ ಮತ್ತು ಕಾಯಲಾರದೆ ಹೋದವರ ಚರಿತ್ರೆಯೆಂದರೆ ತಪ್ಪಾಗಲಾರದು.

ಎರಡು ಕಡಲುಗಳ ಜಗಳ

ಈ ಜಲಸಂಧಿಯ ಪಶ್ಚಿಮಕ್ಕೆ ಅಟ್ಲಾಂಟಿಕ್ ಮಹಾಸಾಗರ. ಪೂರ್ವಕ್ಕೆ ಉತ್ತರ ಸಮುದ್ರ. ಚಂದ್ರನ ಆಕರ್ಷಣೆಯಿಂದ ಅಟ್ಲಾಂಟಿಕ್ಕಿನಲ್ಲಿ ಏಳುವ ಭರತದ ಅಲೆಯು ಸ್ಕಾಟ್ಲೆಂಡಿನ ಪಶ್ಚಿಮದ ಅಂಚನ್ನು ಹಿಡಿದು ಉತ್ತರಕ್ಕೆ ಸಾಗಿ, ತುದಿಯನ್ನು ಬಳಸಿ, ಪೂರ್ವದ ಕಡಲಿಗೆ ಇಳಿಯುತ್ತದೆ. ಹೀಗೆ ಸುತ್ತಿ ಬರಲು ಹೊತ್ತು ಬೇಕಷ್ಟೆ. ಆದುದರಿಂದ ಜಲಸಂಧಿಯ ಪಶ್ಚಿಮದ ಬಾಗಿಲಲ್ಲಿ ನೀರು ತುಂಬಿ ನಿಂತ ಸುಮಾರು ಎರಡು ಗಂಟೆಗಳ ತರುವಾಯವೇ ಪೂರ್ವದ ಬಾಗಿಲಲ್ಲಿ ತುಂಬುವುದು. ಒಂದು ತುದಿಯಲ್ಲಿ ನೀರು ಎತ್ತರವಾಗಿಯೂ ಇನ್ನೊಂದು ತುದಿಯಲ್ಲಿ ತಗ್ಗಾಗಿಯೂ ಇರುವಾಗ, ನಡುವಿನ ಇಕ್ಕಟ್ಟು ದಾರಿಯಲ್ಲಿ ಕಡಲೇ ಹೊಳೆಯಾಗಿ ಹರಿಯತೊಡಗುತ್ತದೆ. ಭರತದ ಹೊತ್ತಿನಲ್ಲಿ ಪೂರ್ವಕ್ಕೆ, ಇಳಿತದ ಹೊತ್ತಿನಲ್ಲಿ ಪಶ್ಚಿಮಕ್ಕೆ. ಸುಮಾರು ಆರು ಗಂಟೆಗೊಮ್ಮೆ ಈ ಮಹಾನದಿಯು ಮುಖ ತಿರುಗಿಸುತ್ತದೆ.

ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಪ್ರವಾಹದ ವೇಗ ಕೆಲವೆಡೆ ಗಂಟೆಗೆ ೧೨ ನಾವಿಕ ಮೈಲಿಗಳನ್ನು ಮುಟ್ಟುತ್ತದೆ. ಪೂರ್ವದ ಬಾಗಿಲಲ್ಲಿರುವ ಪೆಂಟ್ಲೆಂಡ್ ಸ್ಕೆರೀಸ್ ಬಂಡೆಗಳ ಬಳಿ ೧೬ ನಾವಿಕ ಮೈಲಿಗಳವರೆಗೂ, ಎಂದರೆ ಗಂಟೆಗೆ ಸುಮಾರು ೩೦ ಕಿಲೋಮೀಟರುಗಳವರೆಗೂ, ಹೋದುದುಂಟೆಂದು ವರದಿಯಾಗಿದೆ. ಸಾಧಾರಣ ಮೀನುದೋಣಿಯೊಂದು ಅದರ ವಿರುದ್ಧ ಪೂರ್ಣವೇಗದಿಂದ ಹೊರಟರೆ, ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಜಾರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ರಭಸ ತಗ್ಗುತ್ತದೆ. ಪ್ರವಾಹವು ಮುಖ ತಿರುಗಿಸುವ ನಡುವೆ ಅಲ್ಪಕಾಲ ನೀರು ಸುಮ್ಮನಾಗುವುದೂ ಉಂಟು. ಅಲ್ಲಿನ ದೋಣಿಗಾರರು ಬಯಸುವುದು ಆ ಅಲ್ಪಕಾಲವನ್ನೇ.

ಇಷ್ಟು ನೀರು ಬಂಡೆ ದ್ವೀಪಗಳ ನಡುವೆ ನುಗ್ಗುವಾಗ ಸುಳಿ ಮಡುಗಳು ಏಳದಿರುತ್ತವೆಯೇ? ಜಲಸಂಧಿಯ ನಡುವೆ ಇರುವ ಸ್ಟ್ರೋಮಾ ದ್ವೀಪದ ಉತ್ತರದ ತುದಿಯಲ್ಲಿ ‘ಸ್ವೆಲ್ಕಿ’ ಎಂಬ ಸುಳಿಯಿದೆ. ಹಳೆಯ ನಾರ್ವೆ ಭಾಷೆಯಲ್ಲಿ ಅದಕ್ಕೆ ‘ನುಂಗುವುದು’ ಎಂದೇ ಅರ್ಥ. ಇದರ ವಿಷಯವಾಗಿ ಒಂದು ಪುರಾತನ ಕಥೆ ಪ್ರಚಾರದಲ್ಲಿದೆ. ಬೇಡಿದುದನ್ನೆಲ್ಲ ಬೀಸಿಕೊಡುವ ಒಂದು ಮಾಯೆಯ ಬೀಸುಕಲ್ಲು ಡೆನ್ಮಾರ್ಕಿನ ಅರಸನ ಬಳಿ ಇದ್ದಿತಂತೆ. ಅದನ್ನು ತಿರುಗಿಸಲು ಫೆನ್ಯಾ, ಮೆನ್ಯಾ ಎಂಬ ಇಬ್ಬರು ರಾಕ್ಷಸಕನ್ಯೆಯರು. ಮೈಸಿಂಗ್ ಎಂಬ ಕಡಲುಗಳ್ಳನು ಅರಸನನ್ನು ಕೊಂದು, ಕಲ್ಲನ್ನೂ ಕನ್ಯೆಯರನ್ನೂ ಹಡಗಿಗೆ ಹೇರಿಕೊಂಡು, ಉಪ್ಪನ್ನು ಬೀಸಿರೆಂದು ಆಜ್ಞಾಪಿಸಿದನು. ನಡುರಾತ್ರಿಯಲ್ಲಿ ಅವರು “ಉಪ್ಪು ಸಾಕಾಗಲಿಲ್ಲವೇ?” ಎಂದು ಕೇಳಿದರು. ಇನ್ನೂ ಬೀಸಿರೆಂದನು ಅವನು. ಉಪ್ಪಿನ ಭಾರಕ್ಕೆ ಹಡಗು ಮುಳುಗಿತು, ಕಲ್ಲಿನ ಬಾಯಿಗೆ ನೀರು ಇಳಿಯತೊಡಗಿ ಸುಳಿಯಾಯಿತು, ಕಡಲು ಉಪ್ಪಾಯಿತು. ಸಾಕೆಂದು ನಿಲ್ಲಿಸಲರಿಯದವನ ಕಥೆಯನ್ನು ಆ ತೀರದ ಜನರು ತಮ್ಮ ಸುಳಿಗೇ ಕಟ್ಟಿಕೊಂಡಿರುವುದು ಅರ್ಥವಿಲ್ಲದ ಮಾತಲ್ಲ.

ಸ್ವೆಲ್ಕಿಗಿಂತಲೂ ನಾವಿಕರು ಹೆದರುವುದು ‘ಮೆರ್ರಿ ಮೆನ್ ಆಫ್ ಮೇ’ ಎಂಬ ತೆರೆಸಾಲಿಗೆ. ‘ಮೇ ಊರಿನ ಮೋಜುಗಾರರು’ ಎಂದು ಅದರ ಅರ್ಥ. ಹೆಸರು ವಿನೋದದ್ದಾದರೂ ಆಟ ವಿನೋದದ್ದಲ್ಲ. ಇಳಿತದ ಪ್ರವಾಹವು ಪಶ್ಚಿಮಕ್ಕೆ ಧಾವಿಸುವಾಗ ಅಟ್ಲಾಂಟಿಕ್ಕಿನ ಕಡೆಯಿಂದ ಗಾಳಿಯೂ ದೊಡ್ಡ ತೆರೆಗಳೂ ಎದುರುಬಂದರೆ, ದಕ್ಷಿಣದ ಸೇಂಟ್ ಜಾನ್ಸ್ ಭೂಶಿರದಿಂದ ಉತ್ತರದ ಹೋಯ್ ದ್ವೀಪದವರೆಗೆ ಕಡಲಿಗೆ ಅಡ್ಡಲಾಗಿ ಬಿಳಿಯ ನೊರೆಯ ಗೋಡೆಯೊಂದು ಎದ್ದು ಕುಣಿಯುತ್ತದೆ. ಆ ಗೋಡೆ ಅಟ್ಲಾಂಟಿಕ್ಕಿನ ತೆರೆಗಳನ್ನು ತಡೆಯುವುದರಿಂದ ಅದರ ಪೂರ್ವದ ನೀರು ಆಗ ಎಷ್ಟೋ ಶಾಂತವಾಗಿರುತ್ತದೆಯೆಂಬುದು ಸೋಜಿಗದ ಸಂಗತಿ. ಆ ಶಾಂತಿಯನ್ನು ನಂಬಿ ಪಶ್ಚಿಮಕ್ಕೆ ಹೊರಟವನು ಪ್ರವಾಹದ ಮೇಲೆ ತೇಲುತ್ತ ನೇರವಾಗಿ ಆ ಗೋಡೆಗೇ ಹೋಗಿ ಬೀಳುತ್ತಾನೆ.

ಕಡಲಿನ ಪಂಚಾಂಗ

ಇಷ್ಟು ಉಗ್ರವಾದ ಪ್ರವಾಹವೂ ಒಂದು ವಿಷಯದಲ್ಲಿ ಬಹಳ ಪ್ರಾಮಾಣಿಕವಾದದ್ದು. ಅದು ಹೇಳಿದ ಹೊತ್ತಿಗೆ ಬರುತ್ತದೆ, ಹೇಳಿದ ಹೊತ್ತಿಗೆ ತಿರುಗುತ್ತದೆ. ಪಂಚಾಂಗದಲ್ಲಿ ಮುಂದಿನ ವರ್ಷದ ಗ್ರಹಣಗಳನ್ನು ಬರೆದಿಡುವಂತೆ, ಮುಂದಿನ ವರ್ಷದ ಇಂಥ ದಿನ ಇಂಥ ರೇವಿನಲ್ಲಿ ನೀರು ಎಷ್ಟು ಏರುತ್ತದೆಂದು ಈಗಲೇ ಬರೆದಿಡಬಹುದು. ಸೂರ್ಯಚಂದ್ರರ ಗತಿಯಿಂದ ಹುಟ್ಟುವ ಹತ್ತಾರು ಸಣ್ಣಪುಟ್ಟ ಏರಿಳಿತಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕಿ ಕೂಡಿಸುವುದೇ ಇದರ ಗುಟ್ಟು. ಈ ಕೂಡಿಕೆಯನ್ನು ಗಾಲಿ ರಾಟೆಗಳಿಂದ ಮಾಡಿ ತೋರಿಸುವ ಯಂತ್ರವನ್ನು ೧೮೭೨ರಲ್ಲಿ ಯೋಜಿಸಿದವನು ವಿಲಿಯಂ ಥಾಮ್ಸನ್; ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು. ಕೈಹಿಡಿಯನ್ನು ತಿರುಗಿಸಿದರೆ ಸಾಕು, ಲೇಖನಿಯೊಂದು ಒಂದು ರೇವಿನ ಇಡೀ ವರ್ಷದ ಏರಿಳಿತವನ್ನು ಕೆಲವೇ ಗಂಟೆಗಳಲ್ಲಿ ಕಾಗದದ ಮೇಲೆ ಬರೆದುಬಿಡುತ್ತಿದ್ದಿತು.

ಈ ಯಂತ್ರದ ಸಂತತಿಯಲ್ಲಿ ಎರಡನೆಯ ಪ್ರಖ್ಯಾತ ಯಂತ್ರ ಸಿದ್ಧವಾದುದು ಭಾರತಕ್ಕಾಗಿಯೇ ಎಂಬುದು ಓದುಗರಿಗೆ ಕುತೂಹಲವನ್ನುಂಟುಮಾಡಬಹುದು. ಎಡ್ವರ್ಡ್ ರಾಬರ್ಟ್ಸ್ ಎಂಬಾತನು ೧೮೭೯ರಲ್ಲಿ ಲಂಡನ್ನಿನ ಇಂಡಿಯಾ ಕಚೇರಿಗಾಗಿ ಅದನ್ನು ಮಾಡಿಸಿದನು. ಭಾರತದ ರೇವುಗಳ ಉಬ್ಬರವಿಳಿತದ ಪಟ್ಟಿಗಳು ಅದರಿಂದ ತಯಾರಾಗತೊಡಗಿದವು. ಆ ಲೆಕ್ಕಕ್ಕಾಗಿ ನೀರಿನ ಅಳತೆ ನಡೆದ ರೇವುಗಳಲ್ಲಿ ಕಾರವಾರವೂ ಒಂದು. ಉತ್ತರದ ಚಳಿಯ ಕಡಲೂ ಕಾರವಾರದ ಬೆಚ್ಚನೆಯ ಕಡಲೂ ಹೀಗೆ ಒಂದೇ ಗಣಿತಕ್ಕೆ ತಲೆಬಾಗುತ್ತವೆ.

ಪಟ್ಟಿಯಲ್ಲಿಲ್ಲದ ಗಾಳಿ

ಆದರೆ ಗಾಳಿಗೆ ಇಂಥ ಪಂಚಾಂಗವಿಲ್ಲ. ಪೆಂಟ್ಲೆಂಡ್ ಜಲಸಂಧಿಯು ೫೮ ಡಿಗ್ರಿ ಉತ್ತರ ಅಕ್ಷಾಂಶವನ್ನು ದಾಟಿ ಇರುವ ಪ್ರದೇಶ. ಅಟ್ಲಾಂಟಿಕ್ಕಿನ ಬೆಚ್ಚಗಿನ ಪ್ರವಾಹದ ದಯೆಯಿಂದ ಇಲ್ಲಿಯ ಕಡಲು ಹೆಪ್ಪುಗಟ್ಟುವುದಿಲ್ಲ. ಆದರೆ ಅದೇ ಅಟ್ಲಾಂಟಿಕ್ಕಿನ ಮೇಲೆ ಉತ್ತರದ ಶೀತವಾಯುವೂ ದಕ್ಷಿಣದ ಉಷ್ಣವಾಯುವೂ ಸಂಧಿಸಿ, ವಾಯುಭಾರ ಕುಸಿತಗಳು ಒಂದರ ಹಿಂದೊಂದು ಹುಟ್ಟಿ ಈ ಕಡೆಗೇ ನಡೆದುಬರುತ್ತವೆ. ಡಿಸೆಂಬರಿನಲ್ಲಿ ಹಗಲೆಂಬುದು ಆರು ಗಂಟೆಯ ಮಾತು. ಬೇಸಗೆಯಲ್ಲಿ ನಡುರಾತ್ರಿಯೂ ಪೂರ್ತಿ ಕತ್ತಲಾಗದು. ಆಗ ಪೂರ್ವದ ಕಡಲಿನಿಂದ ‘ಹಾರ್’ ಎಂಬ ತಣ್ಣನೆಯ ಮಂಜು ತೆವಳಿಬಂದು, ಬಿಸಿಲು ಕಾಯುತ್ತಿದ್ದ ದಂಡೆಯನ್ನು ಗಳಿಗೆಯಲ್ಲಿ ಮುಸುಕುತ್ತದೆ. ಬ್ರಿಟನ್ನಿನ ಮುಖ್ಯಭೂಮಿಯ ಉತ್ತರದ ಕಟ್ಟಕಡೆಯಾದ ಡನೆಟ್ ಭೂಶಿರದ ಮೇಲೆ ರಾಬರ್ಟ್ ಸ್ಟೀವನ್ಸನ್ನನು ೧೮೩೧ರಲ್ಲಿ ಕಟ್ಟಿಸಿದ ದೀಪಸ್ತಂಭವಿದೆ. ಅದು ನಿಂತಿರುವ ಬಂಡೆಯೇ ಕಡಲಿನಿಂದ ಮುನ್ನೂರು ಅಡಿಗೆ ಹತ್ತಿರದ ಎತ್ತರ. ಆದರೂ ಚಳಿಗಾಲದ ತೆರೆಗಳು ಎಸೆದ ಕಲ್ಲುಗಳಿಂದ ಅದರ ಗಾಜು ಒಡೆದುದುಂಟೆಂದು ಹೇಳುತ್ತಾರೆ.

ಗಾಳಿಯೂ ಪ್ರವಾಹವೂ ಒಂದೇ ದಿಕ್ಕಿಗೆ ಹೋಗುವಾಗ ತೆರೆಗಳು ಉದ್ದವಾಗಿ, ಸೌಮ್ಯವಾಗಿ ಉರುಳುತ್ತವೆ. ಒಂದಕ್ಕೊಂದು ಎದುರಾದರೆ ತೆರೆಯ ಕಾಲನ್ನು ಪ್ರವಾಹವು ಹಿಡಿದೆಳೆದಂತಾಗಿ, ಅದು ಗಿಡ್ಡವಾಗಿ, ಕಡಿದಾಗಿ, ಎತ್ತರವಾಗಿ, ಕೊನೆಗೆ ಮುರಿದು ಬೀಳುತ್ತದೆ. ಒಂದು ಗಂಟೆಯ ಹಿಂದೆ ಮಕ್ಕಳೂ ದಾಟಬಹುದಾಗಿದ್ದ ನೀರು ಗಾಳಿ ಬದಲಾಗದೆಯೇ, ಪ್ರವಾಹ ತಿರುಗಿದ ಮಾತ್ರಕ್ಕೆ ಹಡಗನ್ನು ಮಗುಚಬಲ್ಲದು. ಆದುದರಿಂದ ಇಲ್ಲಿ ಪಟ್ಟಿಯೊಂದೇ ಸಾಲದು. ಗಾಳಿಯ ಸುದ್ದಿಯೂ ಮುಂಚಿತವಾಗಿ ತಿಳಿದಿರಬೇಕು.

ಆ ಸುದ್ದಿಯನ್ನು ಕೊಡಲು ಮೊದಲು ಹೊರಟವನು ರಾಬರ್ಟ್ ಫಿಟ್ಸ್‌ರಾಯ್. ಚಾರ್ಲ್ಸ್ ಡಾರ್ವಿನ್ನನನ್ನು ಪ್ರಪಂಚ ಸುತ್ತಿಸಿದ ‘ಬೀಗಲ್’ ನೌಕೆಯ ಕಪ್ತಾನ. ೧೮೫೪ರಲ್ಲಿ ಬ್ರಿಟನ್ನಿನ ಹೊಸ ಹವಾಮಾನ ಇಲಾಖೆಗೆ ಅವನು ಮುಖ್ಯಸ್ಥನಾದನು. ಬಡ ಬೆಸ್ತರ ಊರುಗಳ ರೇವಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ವಾಯುಭಾರಮಾಪಕಗಳನ್ನು ಇರಿಸುವ ವ್ಯವಸ್ಥೆ ಮಾಡಿದನು. ೧೮೫೯ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ವೇಲ್ಸಿನ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದು, ನಾನ್ನೂರಕ್ಕೂ ಹೆಚ್ಚು ಜನರು ಸತ್ತರು. ಬಿರುಗಾಳಿ ಒಂದು ಊರಿನಿಂದ ಇನ್ನೊಂದು ಊರಿಗೆ ನಡೆದುಹೋಗಲು ಹೊತ್ತು ಹಿಡಿಯುತ್ತದೆ. ತಂತಿಯ ಸುದ್ದಿಗೆ ಹೊತ್ತೇ ಹಿಡಿಯದು. ಹಾಗಾದರೆ ಸುದ್ದಿಯನ್ನೇಕೆ ಮುಂದೆ ಓಡಿಸಬಾರದು? ಇದು ಫಿಟ್ಸ್‌ರಾಯನ ವಿಚಾರ. ೧೮೬೧ರಲ್ಲಿ ತಂತಿಯ ಮೂಲಕ ಬಿರುಗಾಳಿಯ ಎಚ್ಚರಿಕೆ ಕಳುಹಿಸುವ ಪದ್ಧತಿ ಆರಂಭವಾಯಿತು. ಎಚ್ಚರಿಕೆ ಮುಟ್ಟಿದೊಡನೆ ರೇವಿನ ಕಂಬದ ಮೇಲೆ ಕಪ್ಪು ಶಂಕುವೊಂದು ಏರುತ್ತಿದ್ದಿತು. ತುದಿ ಮೇಲಾಗಿದ್ದರೆ ಉತ್ತರದ ಬಿರುಗಾಳಿ, ಕೆಳಗಾಗಿದ್ದರೆ ದಕ್ಷಿಣದ್ದು. ಅದೇ ವರ್ಷದ ಆಗಸ್ಟ್ ೧ರಂದು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಹವಾಮುನ್ಸೂಚನೆ ಪ್ರಕಟವಾಯಿತು.

ಮುನ್ಸೂಚನೆ ಸುಳ್ಳಾದ ದಿನ ಜನರು ನಕ್ಕರು. ವಿದ್ವಾಂಸರು ಇದು ಶಾಸ್ತ್ರವೇ ಅಲ್ಲವೆಂದರು. ದೇಹವೂ ಮನಸ್ಸೂ ಕುಗ್ಗಿದ್ದ ಫಿಟ್ಸ್‌ರಾಯನು ೧೮೬೫ರ ಏಪ್ರಿಲಿನಲ್ಲಿ ತನ್ನ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡನು. ಮರುವರ್ಷ ಎಚ್ಚರಿಕೆಗಳನ್ನೂ ನಿಲ್ಲಿಸಲಾಯಿತು. ಆದರೆ ಕಂಬದ ಮೇಲಿನ ಶಂಕುವಿನ ಬೆಲೆಯನ್ನು ಅರಿತವರು ಕಡಲಿಗೆ ಹೋಗುವವರು; ಅವರ ಒತ್ತಾಯದಿಂದ ೧೮೬೭ರಲ್ಲಿ ಅದು ಮತ್ತೆ ಏರಿತು. ಬ್ರಿಟನ್ನಿನ ಸುತ್ತಣ ಕಡಲನ್ನು ಮೂವತ್ತೊಂದು ಭಾಗಗಳಾಗಿ ಹಂಚಿ, ಪ್ರತಿಯೊಂದಕ್ಕೂ ಗಾಳಿ ಮಳೆಗಳ ಮುನ್ಸೂಚನೆಯನ್ನು ಇಂದಿಗೂ ರೇಡಿಯೋದಲ್ಲಿ ಓದುತ್ತಾರೆ. ೨೦೦೨ರಲ್ಲಿ ಅವುಗಳಲ್ಲೊಂದಕ್ಕೆ ಫಿಟ್ಸ್‌ರಾಯ್ ಎಂದು ನಾಮಕರಣವಾಯಿತು. ಆ ಮುನ್ಸೂಚನೆಯಲ್ಲಿ ಒಂದೊಂದು ಮಾತಿಗೂ ತೂಕವುಂಟು. ಬಿರುಗಾಳಿ ‘ಸನ್ನಿಹಿತ’ ಎಂದರೆ ಆರು ಗಂಟೆಗಳ ಒಳಗೆ. ‘ಬೇಗ’ ಎಂದರೆ ಆರರಿಂದ ಹನ್ನೆರಡು ಗಂಟೆಗಳೊಳಗೆ. ‘ಅನಂತರ’ ಎಂದರೆ ಹನ್ನೆರಡು ಗಂಟೆಗಳ ಮೇಲೆ. ಇಷ್ಟು ತಿಳಿದವನಿಗೆ ಹೊರಡುವುದೋ ಬಿಡುವುದೋ ಎಂಬುದನ್ನು ನಿಶ್ಚಯಿಸಲು ಇನ್ನೇನು ಬೇಕು?

ತಿಳಿದೂ ಹೊರಟವರು

ಬೇಕಾದುದು ಇನ್ನೊಂದಿದೆ, ಅದು ಕಾಯುವ ಅನುಕೂಲ. ಇದನ್ನು ತಿಳಿಯಲು ಪೆಂಟ್ಲೆಂಡಿನಿಂದ ದಕ್ಷಿಣಕ್ಕೆ, ಸ್ಕಾಟ್ಲೆಂಡಿನ ಪೂರ್ವತೀರದ ಇನ್ನೊಂದು ಕೊನೆಗೆ ಹೋಗಬೇಕು. ಇಂಗ್ಲೆಂಡಿನ ಗಡಿಯ ಸಮೀಪದಲ್ಲಿ ಐಮೌತ್ ಎಂಬ ಬೆಸ್ತರ ಊರಿದೆ. ೧೮೮೧ರ ಅಕ್ಟೋಬರಿನಲ್ಲಿ ಅಲ್ಲಿಯ ದೋಣಿಗಳು ಕೆಟ್ಟ ಹವೆಯಿಂದಾಗಿ ಒಂದು ವಾರ ರೇವಿನಲ್ಲೇ ಕಟ್ಟಿಬಿದ್ದಿದ್ದವು. ದುಡಿಮೆಯಿಲ್ಲ, ಮನೆಯಲ್ಲಿ ಕಾಸಿಲ್ಲ. ೧೪ನೆಯ ತಾರೀಖು ಶುಕ್ರವಾರ ಬೆಳಗ್ಗೆ ಕಡಲು ಕನ್ನಡಿಯಂತಿತ್ತು, ಬಿಸಿಲೂ ಬಂದಿತ್ತು. ಆದರೆ ರೇವಿನ ವಾಯುಭಾರಮಾಪಕ ಬಹಳ ಕೆಳಗಿಳಿದಿತ್ತು. ಅದನ್ನು ಬೆಸ್ತರು ನೋಡದಿರಲಿಲ್ಲ, ಅರಿಯದವರೂ ಅಲ್ಲ. ಆದರೂ ಒಬ್ಬರ ಹಿಂದೊಬ್ಬರು ಹೊರಟರು. ನಡುಹಗಲ ಹೊತ್ತಿಗೆ ಆಕಾಶ ಕಪ್ಪಾಗಿ ಬಿರುಗಾಳಿ ಎರಗಿತು. ಮರಳಿ ಓಡಿಬಂದ ಕೆಲವು ದೋಣಿಗಳು ರೇವಿನ ಬಾಯಲ್ಲಿರುವ ಬಂಡೆಗಳಿಗೆ ಬಡಿದು, ದಡದಲ್ಲಿ ನಿಂತ ಹೆಂಡಿರು ಮಕ್ಕಳ ಕಣ್ಣೆದುರಿಗೇ ಒಡೆದವು. ಆ ದಿನ ಆ ತೀರದಲ್ಲಿ ಸತ್ತವರು ೧೮೯ ಜನ. ಐಮೌತ್ ಒಂದರವರೇ ೧೨೯. ಅಲ್ಲಿ ಮಾಪಕ ಸುಳ್ಳು ಹೇಳಲಿಲ್ಲ. ಹೊಟ್ಟೆಗಿಲ್ಲದವನಿಗೆ ಅದರ ಮಾತನ್ನು ಕೇಳುವ ಶಕ್ತಿಯಿರಲಿಲ್ಲ.

ಇಂದಿನ ಹಡಗುಗಳಲ್ಲಿ ಹಸಿವಿನ ಪ್ರಶ್ನೆಯಿಲ್ಲ. ಉಪಗ್ರಹಗಳ ಚಿತ್ರ, ಗಣಕಯಂತ್ರಗಳ ಲೆಕ್ಕ, ಎಲ್ಲವೂ ಕೈಯಲ್ಲೇ ಇವೆ. ಆದರೂ ೨೦೧೫ರ ಜನವರಿ ೨ರಂದು, ಡೆನ್ಮಾರ್ಕಿನಿಂದ ಸಿಮೆಂಟು ಹೇರಿಕೊಂಡು ಇಂಗ್ಲೆಂಡಿನ ಪಶ್ಚಿಮತೀರಕ್ಕೆ ಹೊರಟಿದ್ದ ‘ಸೆಮ್‌ಫ್ಯೋರ್ಡ್’ ಎಂಬ ಹಡಗು ಪೆಂಟ್ಲೆಂಡ್ ಜಲಸಂಧಿಯಲ್ಲಿ ಮಗುಚಿತು. ಪಶ್ಚಿಮದ ಬಿರುಗಾಳಿಗೆ ಎದುರಾಗಿ ಇಳಿತದ ಪ್ರವಾಹ ಪಶ್ಚಿಮಕ್ಕೆ ನುಗ್ಗುತ್ತಿದ್ದ ಹೊತ್ತು ಅದು. ಅಪಾಯದ ಕರೆ ಕಳುಹಿಸುವಷ್ಟು ವ್ಯವಧಾನವೂ ದೊರೆಯಲಿಲ್ಲ. ಸುಮಾರು ಇಪ್ಪತ್ತೈದು ಗಂಟೆಗಳ ಕಾಲ ಅದು ಕಾಣೆಯಾದುದೇ ಯಾರಿಗೂ ತಿಳಿದಿರಲಿಲ್ಲ; ಮರುದಿನ ಮಧ್ಯಾಹ್ನ ಆ ದಾರಿಯಲ್ಲಿ ಬಂದ ಪ್ರಯಾಣಿಕರ ಹಡಗೊಂದು ಬೋರಲು ಬಿದ್ದ ಒಡಲನ್ನು ಕಂಡಿತು. ಎಂಟು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಏಳು ಮಂದಿ ಪೋಲೆಂಡಿನವರು, ಒಬ್ಬ ಫಿಲಿಪೀನ್ಸಿನವನು. ಬ್ರಿಟನ್ನಿನ ಸರಕಾರಿ ತನಿಖಾ ವಿಭಾಗದ ವರದಿ, ಆ ಹೊತ್ತಿನ ಕಡಲಿನ ಸ್ಥಿತಿಯನ್ನು ಮುಂಚಿತವಾಗಿಯೇ ತಿಳಿಯಬಹುದಾಗಿತ್ತು, ತಪ್ಪಿಸಿಕೊಳ್ಳಬಹುದಾಗಿತ್ತು ಎಂದು ಹೇಳಿತು. ಹೊತ್ತಿಗೆ ಸರಿಯಾಗಿ ಸರಕು ಮುಟ್ಟಿಸಬೇಕೆಂಬ ಒತ್ತಡ ಕಪ್ತಾನನ ಮನಸ್ಸಿನ ಮೇಲೆ ಕೆಲಸ ಮಾಡಿದ್ದಿರಬಹುದೆಂದೂ ಅದು ಅಭಿಪ್ರಾಯಪಟ್ಟಿತು. ಐಮೌತಿನಲ್ಲಿ ಹಸಿವು ಮಾಡಿದ ಕೆಲಸವನ್ನು ಇಲ್ಲಿ ಗಡಿಯಾರ ಮಾಡಿತು.

ಇನ್ನೊಂದು ಬಗೆಯ ಹೊರಡುವಿಕೆಯೂ ಉಂಟು. ಜಲಸಂಧಿಯ ಉತ್ತರದ ಮಗ್ಗುಲಲ್ಲಿ ಲಾಂಗ್‌ಹೋಪ್ ಎಂಬ ಸಣ್ಣ ನೆಲೆಯಿದೆ. ಅಪಾಯಕ್ಕೆ ಸಿಕ್ಕಿದ ಹಡಗುಗಳ ಜನರನ್ನು ಉಳಿಸಲೆಂದು ಅಲ್ಲಿ ಜೀವರಕ್ಷಕ ದೋಣಿಯೊಂದನ್ನು ಇರಿಸಿದ್ದಾರೆ; ಅದನ್ನು ನಡೆಸುವವರು ಊರಿನ ಸ್ವಯಂಸೇವಕರು. ೧೯೬೯ರ ಮಾರ್ಚ್ ೧೭ರ ರಾತ್ರಿ, ಆಗ್ನೇಯದ ಭಾರೀ ಬಿರುಗಾಳಿಯಲ್ಲಿ, ‘ಐರೀನ್’ ಎಂಬ ಸರಕಿನ ಹಡಗು ಗತಿಗೆಟ್ಟು ದ್ವೀಪದ ದಂಡೆಯತ್ತ ತೇಲಿಹೋಗುತ್ತಿದೆಯೆಂದು ಕರೆ ಬಂದಿತು. ಆ ನೀರನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಗಾಳಿಗೂ ಪ್ರವಾಹಕ್ಕೂ ಜಗಳ ಹತ್ತಿದೆಯೆಂಬುದೂ ಗೊತ್ತಿತ್ತು. ಎಂಟು ಮಂದಿ ಹೊರಟರು. ಅವರ ನಾಯಕ ಡ್ಯಾನ್ ಕರ್ಕ್‌ಪ್ಯಾಟ್ರಿಕ್, ಹಿಂದೆ ಮೂರು ಬಾರಿ ಶೌರ್ಯಕ್ಕಾಗಿ ಬೆಳ್ಳಿಯ ಪದಕ ಪಡೆದವನು. ಅವನ ಇಬ್ಬರು ಗಂಡುಮಕ್ಕಳೂ ದೋಣಿಯಲ್ಲಿದ್ದರು. ದೋಣಿಯ ಯಂತ್ರಚಾಲಕನೂ ಅವನ ಇಬ್ಬರು ಮಕ್ಕಳೂ ಇದ್ದರು. ಮರುದಿನ ದೋಣಿ ಬೋರಲಾಗಿ ತೇಲುತ್ತಿದ್ದುದು ಸಿಕ್ಕಿತು. ಒಬ್ಬರೂ ಬದುಕಲಿಲ್ಲ. ಐರೀನ್ ಹಡಗಿನ ಹದಿನೇಳು ಜನರನ್ನು ದಂಡೆಯ ಮೇಲಿನವರು ಹಗ್ಗ ಹಾಕಿ ಎಳೆದು ಉಳಿಸಿಕೊಂಡರು.

ಎರಡು ಮನೆಗಳ ತಂದೆ ಮಕ್ಕಳನ್ನು ಒಂದೇ ರಾತ್ರಿ ಕಳೆದುಕೊಂಡ ಆ ಸಣ್ಣ ಊರು, ಇನ್ನು ಸಾಕೆಂದು ಬಾಗಿಲು ಹಾಕಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಮರುವರ್ಷವೇ ಹೊಸ ದೋಣಿ ಬಂದಿತು. ಅದಕ್ಕೆ ಜನರೂ ದೊರೆತರು. ಅದೇ ೧೯೭೦ರಲ್ಲಿ, ಸಮುದ್ರದ ಪಕ್ಕದ ರುದ್ರಭೂಮಿಯಲ್ಲಿ, ಜೀವರಕ್ಷಕನೊಬ್ಬನ ಕಂಚಿನ ಪ್ರತಿಮೆಯನ್ನು ಬ್ರಿಟನ್ನಿನ ರಾಜಮಾತೆ ಅನಾವರಣಗೊಳಿಸಿದರು. ಜಲಸಂಧಿಯ ದಕ್ಷಿಣದ ದಂಡೆಯ ಮೇಲಿರುವ ಮೇ ದುರ್ಗವನ್ನು ೧೯೫೨ರಲ್ಲಿ ಕೊಂಡಿದ್ದ ಅವರಿಗೆ, ಆ ಮೋಜುಗಾರರ ಕುಣಿತ ಕಿಟಕಿಯಿಂದ ಕಾಣುವ ನೋಟವಾಗಿದ್ದಿತು.

ಇಂದಿನ ಜಲಸಂಧಿ

ಇಂದು ಸ್ಟ್ರೋಮಾ ದ್ವೀಪ ನಿರ್ಜನವಾಗಿದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಲ್ಲಿ ಮುನ್ನೂರಕ್ಕೂ ಮೀರಿ ಜನರಿದ್ದರು; ಪರದೇಶದ ಹಡಗುಗಳಿಗೆ ಈ ನೀರಿನಲ್ಲಿ ದಾರಿ ತೋರಿಸುವುದು ಅವರಲ್ಲಿ ಅನೇಕರ ವೃತ್ತಿ. ೧೯೬೨ರಲ್ಲಿ ಕೊನೆಯ ಸಂಸಾರವೂ ಬಿಟ್ಟುಹೋಯಿತು. ೧೯೯೭ರ ತರುವಾಯ ದೀಪಸ್ತಂಭದಲ್ಲಿಯೂ ಮನುಷ್ಯರಿಲ್ಲ. ಬಿದ್ದುಹೋಗುತ್ತಿರುವ ಮನೆಗಳ ನಡುವೆ ಕುರಿಗಳು ಮೇಯುತ್ತವೆ. ಆದರೆ ಆ ದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಇಕ್ಕಟ್ಟಿನಲ್ಲಿ, ಕಡಲಿನ ತಳದಲ್ಲಿ, ೨೦೧೬ರಿಂದ ಹೊಸ ನಿವಾಸಿಗಳು ಬಂದಿದ್ದಾರೆ: ಒಂದೂವರೆ ಮೆಗಾವಾಟ್ ಸಾಮರ್ಥ್ಯದ ನಾಲ್ಕು ವಿದ್ಯುದ್ಯಂತ್ರಗಳು. ಯುಗಯುಗಗಳಿಂದ ಹಡಗುಗಳನ್ನು ನುಂಗಿದ ಪ್ರವಾಹ ಈಗ ಅವುಗಳ ರೆಕ್ಕೆಗಳನ್ನು ತಿರುಗಿಸಿ ಮನೆಗಳಿಗೆ ದೀಪ ಕೊಡುತ್ತಿದೆ. ಬಿಸಿಲು ಗಾಳಿಗಳ ವಿದ್ಯುತ್ತಿಗೆ ಇಲ್ಲದ ಒಂದು ಗುಣ ಇದಕ್ಕುಂಟು. ಎಷ್ಟು ಹೊತ್ತಿಗೆ ಎಷ್ಟು ದೊರೆಯುತ್ತದೆಂದು ವರ್ಷದ ಮುಂಚೆಯೇ ಹೇಳಬಹುದು. ಬೀಸುಕಲ್ಲಿನ ಕಥೆ ಕಟ್ಟಿದವರು ಇದನ್ನು ಕಂಡಿದ್ದರೆ ಅಷ್ಟೊಂದು ಆಶ್ಚರ್ಯಪಡುತ್ತಿರಲಿಲ್ಲವೇನೋ!

ದಕ್ಷಿಣದ ದಂಡೆಯ ಗಿಲ್ಸ್ ಕೊಲ್ಲಿಯಿಂದ ಆರ್ಕ್ನಿಗೆ ಹೋಗುವ ಹಡಗು ಸುಮಾರು ಒಂದು ಗಂಟೆಯಲ್ಲಿ ದಾಟುತ್ತದೆ. ಪ್ರವಾಸಿಗರು ಕಿಟಕಿಯ ಪಕ್ಕ ಕುಳಿತು, ಎಲ್ಲೋ ದೂರದಲ್ಲಿ ನೀರು ಕಾರಣವಿಲ್ಲದೆ ಬೆಳ್ಳಗೆ ಕುದಿಯುವುದನ್ನು ಕಂಡು ಬೆರಗಾಗುತ್ತಾರೆ. ಹವೆ ಕೆಟ್ಟ ದಿನ ರೇವಿನಲ್ಲಿ ಹಡಗು ಹೊರಡುವುದಿಲ್ಲವೆಂಬ ಸೂಚನೆ ಬೀಳುತ್ತದೆ. ದೂರದಿಂದ ಬಂದ ಪ್ರವಾಸಿಗನು ಗೊಣಗುತ್ತಾನೆ. ಆಕಾಶ ತಿಳಿಯಾಗಿರುವಾಗ ಇದೇನು ಹೆದರಿಕೆ ಎನ್ನುತ್ತಾನೆ. ಆ ದ್ವೀಪದವರು ಮಾತ್ರ ಗೊಣಗುವುದಿಲ್ಲ. ಚೀಲವನ್ನು ಎತ್ತಿಕೊಂಡು, ಚಹಾ ಕುಡಿಯಲು ಹೊರಡುತ್ತಾರೆ. ನಾಳೆಯ ಭರತ ಎಷ್ಟು ಹೊತ್ತಿಗೆಂಬುದು ಅವರಿಗೆ ತಿಳಿದಿದೆ. ಗಾಳಿಯ ಮಾತನ್ನು ರಾತ್ರಿ ರೇಡಿಯೋದಲ್ಲಿ ಕೇಳಿದರಾಯಿತು.